ಮಾಮೂಲು ದಾರಿಗೆ ಜಯವಾಗಲಿ

ಪವಾಯಿಯಲ್ಲಿ ಫ್ಲ್ಯಾಟು ಕೊಂಡವರಿಗೆ ಕಾರ್ಪೆಟ್ ಏರಿಯಾವನ್ನು ದಶಾಂಶ ಬಿಡದೆ ಲೆಕ್ಕ ಹಾಕಿ ಬರೆದುಕೊಡುತ್ತಾರೆ. ಕಾರು ನಿಲ್ಲಿಸುವ ಜಾಗಕ್ಕೂ ನಂಬರಿದೆ, ಹಳದಿ ಗೆರೆಯಿದೆ. ಇದರ ಫಲ ಏನೆಂದರೆ ಎದುರು ಬಾಗಿಲಿನವರ ಹೆಸರು ನಮಗೆ ಗೊತ್ತಿಲ್ಲ. ಜಗಳಕ್ಕೆ ಆಸ್ಪದವೇ ಇಲ್ಲದ ಮೇಲೆ ಪರಿಚಯ ಹೇಗೆ ಆಗಬೇಕು? ಮುಂಬಯಿ ಸೇರಿದ ನಮ್ಮಂಥವರನ್ನು ಇನ್ನೂ ಊರಿಗೆ ಕಟ್ಟಿಹಾಕಿರುವುದು ಹಬ್ಬವಲ್ಲ, ಭಾಷೆಯೂ ಅಲ್ಲ. ಕರಾವಳಿಯ ಕ್ರಯಪತ್ರದ ಬಾಲದಲ್ಲಿ ಬರುವ ಒಂದು ಸಾಲು. ಸದ್ರಿ ಸ್ಥಳಕ್ಕೆ ಹೋಗಿಬರಲು ಪೂರ್ವರೂಢಿಯ ಮಾಮೂಲು ದಾರಿ ಹಕ್ಕು ಸಹಿತ.

ಇದನ್ನು ಬರೆದ ಪತ್ರ ಬರಹಗಾರನ ಪ್ರತಿಭೆಗೆ ತಲೆಬಾಗುತ್ತೇನೆ. ಅವನು ಅಳತೆ ಬಾರದವನಲ್ಲ. ಅದೇ ಪತ್ರದಲ್ಲಿ ತೆಂಗು, ಹಲಸು, ಬಾವಿಯ ರಾಟೆಯನ್ನು ಸಹ ಎಣಿಸಿದ್ದಾನೆ. ದಾರಿಯ ಹತ್ತಿರ ಬಂದಾಗ ಮಾತ್ರ ಋಷಿಯಾಗಿಬಿಟ್ಟ. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾರ ಗದ್ದೆಯ ಯಾವ ಬದುವಿನ ಮೇಲೆ, ಕಾಲಿಗೋ ಗಾಡಿಗೋ? ಒಂದಕ್ಷರ ಇಲ್ಲ. ಮರ ಬೀಳಬಹುದು, ಆದ್ದರಿಂದ ಎಣಿಸಿದ. ದಾರಿ ಎಲ್ಲಿಗೂ ಹೋಗುವುದಿಲ್ಲವೆಂದು ನಂಬಿದ.

ನಮ್ಮ ದಾರಿ ಹೋಯಿತು. ಅಜ್ಜನ ಕಾಲದಲ್ಲಿ ಅದು ತೋಡಿನ ಸಂಕ ದಾಟಿ, ತಡಮೆ ಹತ್ತಿ ಇಳಿದು, ನೆರೆಯವರ ಬೈಲುಗದ್ದೆಯ ಬದುವಿನ ಮೇಲೆ ಬರುತ್ತಿತ್ತು. ಗದ್ದೆ ಅಡಿಕೆ ತೋಟವಾದಾಗ ದಾರಿ ತೋಟದ ಅಂಚಿಗೆ ಸರಿಯಿತು, ಪಂಪುಶೆಡ್ಡು ಬಂದಾಗ ಅದರ ಹಿಂದಕ್ಕೆ. ನನ್ನ ತಮ್ಮ ಪಿಕಪ್ ಕೊಂಡ ವರ್ಷ ನೆರೆಯವರು ಮುರಕಲ್ಲಿನ ಪಾಗಾರ ಎತ್ತಿಸಿದರು. ಆದರೂ ಧರ್ಮ ಬಿಟ್ಟವರಲ್ಲ. ಅಡಿಕೆ ಮೂಟೆ ಹೊತ್ತವನು ಓರೆಯಾಗಿ ನಿಂತು ಉಸಿರು ಬಿಗಿಹಿಡಿದರೆ ದಾಟುವಷ್ಟು ಸಂದು ಬಿಟ್ಟಿದ್ದಾರೆ. ‘ಹೋಗಿಬರಲು’ ಎಂದಿದೆ, ಹೋಗಿ, ಬನ್ನಿ, ಬೇಡವೆಂದವರು ಯಾರು ಎಂದು ಕೇಳುತ್ತಾರೆ. ಈ ತರ್ಕದಲ್ಲಿ ದೋಷ ಹುಡುಕಲು ನಾವು ಮೂವರು ವಕೀಲರನ್ನು ನೇಮಿಸಬೇಕಾಯಿತು.

ಕಾಯಿದೆಯೂ ಈ ಔದಾರ್ಯಕ್ಕೆ ತಕ್ಕುದಾಗಿಯೇ ಇದೆ. ಈಸ್‌ಮೆಂಟ್ಸ್ ಕಾಯಿದೆ 1882ರದ್ದು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದರಿಂದ ನಮಗೆ ಮೊದಲೇ ಸಿಕ್ಕಿತು. ಮುಂಬಯಿ ಪ್ರಾಂತ್ಯ 1891ರ ತನಕ ಕಾಯಬೇಕಾಯಿತು. ಅದರ 15ನೇ ಕಲಮಿನಂತೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದೇ ನಡೆದರೆ ದಾರಿ ನಮ್ಮದು. 47ನೇ ಕಲಮಿನಂತೆ 20 ವರ್ಷ ಪೂರ್ತಿ ನಡೆಯದಿದ್ದರೆ ಹಕ್ಕು ಹೋಯಿತು. ಹುಟ್ಟಿಗೆ 20, ಸಾವಿಗೆ 20. ನಡುವಿನ ದಾವೆಗೆ ಎಷ್ಟೆಂದು ಹೇಳಿ ಯಾರ ಮನಸ್ಸನ್ನೂ ನೋಯಿಸಿಲ್ಲ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ ಎನ್ನುತ್ತದೆ 28ನೇ ಕಲಮು. ಹಾಗಾದರೆ ಕೈಗಾಡಿ ಕಾಲಿನ ಪಾಲಿಗೋ ಚಕ್ರದ ಪಾಲಿಗೋ? ಎರಡು ವಾಯಿದೆ ಇದರಲ್ಲೇ ಸುಖವಾಗಿ ಕಳೆದವು.

ಆಮೇಲೆ ಕೋರ್ಟ್ ಕಮಿಷನರು ಬಂದರು, ಸರ್ವೆಯರು ಬಂದರು, ಎಳನೀರು ಕುಡಿದರು. ಎಂಬತ್ತು ದಾಟಿದ ಹಿರಿಯರೊಬ್ಬರು ಸಾಕ್ಷಿ ಹೇಳಿ, ತಮ್ಮ ದಿಬ್ಬಣ ಇದೇ ಪಂಪುಶೆಡ್ಡಿನ ಹಿಂದಿನಿಂದ ಹೋಯಿತೆಂದರು. ಆಗ ಪಂಪುಶೆಡ್ಡು ಇರಲಿಲ್ಲವಲ್ಲ ಎಂದು ಎದುರು ವಕೀಲರು ಕೇಳಿದಾಗ, ದಾರಿ ಇತ್ತಲ್ಲ ಎಂದರು. ಇಷ್ಟು ನಿಖರವಾದ ಸಾಕ್ಷ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪವಾಯಿ ಸೇರಿರುವ ಮಹಾರಾಷ್ಟ್ರದ ಕಥೆ ನೋಡಿ ಮರುಕವಾಗುತ್ತದೆ. ಅಲ್ಲಿನ 1966ರ ಭೂಕಂದಾಯ ಸಂಹಿತೆಯ 143ನೇ ಕಲಮು, ಸರ್ವೆ ನಂಬರುಗಳ ಗಡಿಯ ಮೇಲಿನ ದಾರಿ ಹಕ್ಕನ್ನು ತಹಸೀಲ್ದಾರರೇ ವಿಚಾರಿಸಿ ತೀರ್ಮಾನಿಸಲು ಬಿಡುತ್ತದೆ. 1906ರ ಮಾಮಲತದಾರ ನ್ಯಾಯಾಲಯಗಳ ಕಾಯಿದೆಯಡಿ ದಾರಿಗೆ ಅಡ್ಡಿಯಾದ ಆರು ತಿಂಗಳೊಳಗೆ ದಾವೆ ಹೂಡಬೇಕಂತೆ. ಆರು ತಿಂಗಳು! ನಮ್ಮಲ್ಲಿ ಅಷ್ಟರಲ್ಲಿ ಅಣ್ಣತಮ್ಮಂದಿರೆಲ್ಲ ವಕಾಲತ್ತಿಗೆ ಸಹಿ ಹಾಕಿಯೂ ಮುಗಿದಿರುವುದಿಲ್ಲ. ಇಷ್ಟು ಅವಸರಪಟ್ಟರೆ ಸಂಬಂಧ ಬೆಳೆಯುವುದು ಯಾವಾಗ?

ನಮ್ಮದು ಬೆಳೆದಿದೆ. ವಾಯಿದೆ ಬಂತೆಂದರೆ ಕುರ್ಲಾದಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತುತ್ತೇವೆ. ನೆರೆಯವರ ಮಗನಿರುವುದು ಠಾಣೆಯಲ್ಲಿ, ಅವನೂ ಅದೇ ರೈಲಿನಲ್ಲಿ ಸಿಗುತ್ತಾನೆ. ಬುತ್ತಿ ಹಂಚಿಕೊಂಡು ತಿಂದು ಉಡುಪಿಯಲ್ಲಿ ಇಳಿದು, ಕೋರ್ಟಿನ ಜಗಲಿಯಲ್ಲಿ ಬೇರೆಯಾಗುತ್ತೇವೆ. ಪವಾಯಿಯಲ್ಲಿ ಹುಟ್ಟಿದ ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಪ್ರತಿವಾದಿ, ತಡೆಯಾಜ್ಞೆ, ಮುಂದೂಡಿಕೆ ಎಂಬ ಮಾತುಗಳನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾಳೆ.

ಆದುದರಿಂದ ಊರಿನಲ್ಲಿ ಜಾಗ ಮಾರುವವರಲ್ಲಿ, ಪಾಲು ಮಾಡಿಕೊಳ್ಳುವವರಲ್ಲಿ ಒಂದು ವಿನಂತಿ. ದಾರಿಗೆ ಅಡಿ, ಮೀಟರು ಬರೆಸಬೇಡಿ. ನಕ್ಷೆ ಲಗತ್ತಿಸಬೇಡಿ. ವಾಹನ ಎಂಬ ಪದವನ್ನು ಅಪ್ಪಿತಪ್ಪಿಯೂ ಬಳಸಬೇಡಿ. ಬರಹಗಾರ ಕಿರಿಯನಾಗಿದ್ದು ಅಗಲ ಎಷ್ಟೆಂದು ಕೇಳಿದರೆ, ಮಾಮೂಲಿನಂತೆ ಬರಿ ಎಂದು ಹೇಳಿ ಚಾ ತರಿಸಿ.