ತಂಜಾವೂರಿನ ಪಂಡಿತರಿಗೆ, ಬಾಕಿ ಉಳಿದಿದ್ದ ಸ್ವೀಕೃತಿ ಪತ್ರ

ಹೆಸರು ತಿಳಿಯದ ಪಂಡಿತರ ಸನ್ನಿಧಿಗೆ,

ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಾಲಯಕ್ಕೆ ತಾವು ಓಲೆಗರಿಯ ಕಟ್ಟೊಂದನ್ನು ಕೊಟ್ಟು ಸುಮಾರು ನೂರಿಪ್ಪತ್ತು ವರ್ಷವಾಯಿತು. ಸ್ವೀಕೃತಿ ಪತ್ರ ಈಗ ಕಳಿಸುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯಗಳ ಟಪಾಲು ಶಾಖೆಯನ್ನು ಬಲ್ಲವರು ಯಾರೂ ಇದನ್ನು ತಡವೆನ್ನಲಾರರು.

ಗ್ರಂಥ ಲಿಪಿಯ ಆ ಕಟ್ಟನ್ನೂ ಜೊತೆಗಿದ್ದ ಭಟ್ಟಸ್ವಾಮಿಯ ವ್ಯಾಖ್ಯಾನದ ತುಣುಕನ್ನೂ ಗ್ರಂಥಪಾಲಕರಾದ ಆರ್. ಶಾಮಾಶಾಸ್ತ್ರಿಗಳು ಬಿಚ್ಚಿ ಓದಿದರು. (ಆಗೆಲ್ಲ ಗ್ರಂಥಪಾಲಕರು ಓದುತ್ತಿದ್ದರು.) ಸಿಕ್ಕಿದ್ದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ. ಪುಸ್ತಕಾಲಯ 1916ರಲ್ಲಿ ಹೊಸ ಮೈಸೂರು ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಶಾಸ್ತ್ರಿಗಳು ತಮ್ಮನ್ನು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ನೆನೆದಿದ್ದಾರೆ. ಒಳ್ಳೆಯದೇ ಆಯಿತು ಬಿಡಿ. ಹೆಸರು ಗೊತ್ತಿದ್ದರೆ ತಮ್ಮದೊಂದು ಅಧ್ಯಯನ ಪೀಠ ಸ್ಥಾಪಿಸಿ, ಫಲಕ ಹಾಕಿಸಿ, ಕುರ್ಚಿಯನ್ನು ಖಾಲಿ ಇಡುತ್ತಿದ್ದೆವು.

ತಾವು ಇವತ್ತು ಬಂದಿದ್ದರೆ ಏನಾಗುತ್ತಿತ್ತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಗೇಟಿನಲ್ಲಿ ಆಧಾರ್ ಕಾರ್ಡು ತೋರಿಸಿ ಒಳಗೆ ಹೋದರೆ ಕಚೇರಿಯವರ ಮೊದಲ ಪ್ರಶ್ನೆ: “ಇದು ಯಾವ ವಿಭಾಗಕ್ಕೆ ಬರುತ್ತೆ ಸ್ವಾಮಿ?” ತೆರಿಗೆ, ಗಣಿ, ಆನೆ, ತೂಕ-ಅಳತೆ, ಗೂಢಚಾರರು, ವಿಷಪ್ರಯೋಗ ಎಲ್ಲ ಇದೆ ಎಂದರೆ, “ಹಾಗಾದ್ರೆ ಎಲ್ಲ ವಿಭಾಗದಿಂದಲೂ ಎನ್‌ಒಸಿ ತನ್ನಿ.” ಅದನ್ನೂ ತಂದಿರೆನ್ನಿ. ಗುಣಮಟ್ಟದ ಘಟಕದವರು ಐಎಸ್‌ಬಿಎನ್ ಕೇಳುತ್ತಾರೆ. ಲೇಖಕರ ಹೆಸರು ಸ್ಕೋಪಸ್‌ನಲ್ಲಿ ಇಲ್ಲದಿದ್ದರೆ ನ್ಯಾಕ್ ಅಂಕಕ್ಕೆ ಉಪಯೋಗವಿಲ್ಲ ಎಂದು ವಿನಯದಿಂದಲೇ ಹೇಳಿ ಕಾಫಿ ಕುಡಿಸಿ ಕಳಿಸುತ್ತಾರೆ.

ಹಾಗೆಂದು ನಮ್ಮ ಭಂಡಾರಗಳು ಬಡವಾದವಲ್ಲ. ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಮಡಿಸಿಟ್ಟ ಕಡತಗಳಿವೆ. ಅವುಗಳ ಮೇಲೆ ಬಳಪದಲ್ಲಿ ಬರೆದ ಜಮಾಖರ್ಚಿದೆ. ಶಾಸನಗಳ ಮಸಿ ಪಡಿಯಚ್ಚುಗಳಿವೆ. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಯಕ್ಷಗಾನದ ವೇಷಭೂಷಣ, ತೊಗಲುಗೊಂಬೆ, ಒಕ್ಕಲುತನದ ಸಲಕರಣೆ ಒಂದೇ ಸೂರಿನಡಿ ಇವೆ. ಇಷ್ಟು ಬಗೆಗೆ ಅಷ್ಟೇ ಬಗೆಯ ಆರೈಕೆಯೂ ಬೇಕು. ಓಲೆಗರಿಗೆ ಸಿಟ್ರೊನೆಲಾ ಎಣ್ಣೆ ಸವರಬೇಕು, ಕಾಗದಕ್ಕೆ ಎಣ್ಣೆ ತಾಕಕೂಡದು, ಧ್ವನಿಮುದ್ರಣದ ಟೇಪಿಗೆ ತೇವ ಆಗದು. ಆದರೆ ನಮ್ಮ ಅನೇಕ ವಿಭಾಗಗಳು ಸಮಾನತೆಯಲ್ಲಿ ನಂಬಿಕೆಯಿಟ್ಟಿವೆ. ಎಲ್ಲಕ್ಕೂ ಒಂದೇ ಗಾಡ್ರೆಜ್ ಬೀರು. ಅದರ ಬೀಗದ ಕೈ ರಜೆಯಲ್ಲಿರುವವರ ಹತ್ತಿರ.

ತಮ್ಮ ಕಟ್ಟಿನಲ್ಲೇ, ಎರಡನೆಯ ಅಧಿಕರಣದಲ್ಲಿ, ಅಕ್ಷಪಟಲದ ಅಧ್ಯಾಯವಿದೆಯಲ್ಲ? ಲೆಕ್ಕಪತ್ರದ ಕಚೇರಿ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ದಾಖಲೆ ಪುಸ್ತಕಗಳಿಗೆ ತಕ್ಕ ಜಾಗವಿರಬೇಕು ಎನ್ನುತ್ತದೆ ಅದು. ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. ವಾಸ್ತು ನೋಡದೆ ಕುಲಪತಿಗಳ ಕೊಠಡಿ ಕಟ್ಟುವುದುಂಟೆ? ಎರಡನೆಯದಕ್ಕೆ ಅನುದಾನ ಬಂದಿಲ್ಲ.

ಅದೇ ಅಧ್ಯಾಯದ ಪ್ರಕಾರ ಕ್ರಮಗೆಟ್ಟು, ಅರ್ಥವಾಗದ ಹಾಗೆ, ಅಥವಾ ಬರೆದದ್ದನ್ನೇ ಮತ್ತೆ ಬರೆದವನಿಗೆ 12 ಪಣ ದಂಡ. ಇದನ್ನು ಪಿಎಚ್‌.ಡಿ. ಪ್ರಬಂಧಗಳಿಗೂ ವಿಸ್ತರಿಸಿದ್ದರೆ ವಿಶ್ವವಿದ್ಯಾಲಯಗಳ ಪಿಂಚಣಿ ಬಾಕಿ ಒಂದೇ ವರ್ಷದಲ್ಲಿ ತೀರುತ್ತಿತ್ತು. ನಮ್ಮ ಯುಜಿಸಿ ಕೌಟಿಲ್ಯನಿಗಿಂತ ಕರುಣಾಳು. 2018ರ ಅದರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವೇ ಇಲ್ಲ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಲೇಬೇಕೆಂದು 2009ರಲ್ಲೇ ನಿಯಮ ಮಾಡಿದ್ದರಿಂದ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ‘ಶೋಧಗಂಗಾ’ದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳು ಸುರಕ್ಷಿತವಾಗಿ ಸೇರಿವೆ.

ಅಣಕ ಮಾಡುತ್ತಿಲ್ಲ, ಶೋಧಗಂಗಾ ನಿಜಕ್ಕೂ ಉಪಕಾರ. ನನ್ನ ತಕರಾರು ಬೇರೆ. ಎಷ್ಟೋ ಪ್ರಬಂಧಗಳಲ್ಲಿ ಓದಬೇಕಾದದ್ದು ಕೊನೆಯ ಅನುಬಂಧ ಮಾತ್ರ. ಅಲ್ಲಿ ಮುದುಕಿಯೊಬ್ಬಳು ಹೇಳಿದ ಕಥೆ, ಊರಿನ ಹೊಲಗಳ ಹೆಸರು, ಬೀಸುಕಲ್ಲಿನ ಹಾಡಿನ ನಾಲ್ಕು ಪಾಠಾಂತರ ಇರುತ್ತವೆ. ಅದರ ಹಿಂದಿನ ಕ್ಷೇತ್ರಕಾರ್ಯದ ನೋಟ್‌ಬುಕ್ಕು, ಕ್ಯಾಸೆಟ್ಟು, ಫೋಟೊದ ನೆಗೆಟಿವ್ ಎಲ್ಲಿ? ಅವನ್ನು ಒಪ್ಪಿಸಿ ಎಂದು ಯಾರೂ ಕೇಳುವುದಿಲ್ಲ. ಪ್ರಬಂಧ ಸರ್ವರಿಗೆ ಏರುತ್ತದೆ, ಅದನ್ನು ಹುಟ್ಟಿಸಿದ್ದೆಲ್ಲ ಸಂಶೋಧಕರ ಮನೆಯ ಅಟ್ಟ ಏರುತ್ತದೆ. ಮುಂದಿನ ಸುಣ್ಣ-ಬಣ್ಣದ ಹೊತ್ತಿಗೆ ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ಮುದುಕಿಯನ್ನು ಇನ್ನೊಮ್ಮೆ ಹಾಡಿಸಲಾಗದು.

ತಮ್ಮ ಓಲೆಗರಿಯನ್ನು ಅಂದು ಯಾವ ಕೋಷ್ಟಕಕ್ಕೂ ಹೊಂದಿಸದೆ ಸುಮ್ಮನೆ ಪಡೆದುಕೊಂಡರು. ಹಾಗೆ ಪಡೆದುಕೊಳ್ಳುವವರು ಈಗಲೂ ಅಲ್ಲಲ್ಲಿ ಇದ್ದಾರೆ. ಹೆಚ್ಚಿನವರು ಅತಿಥಿ ಉಪನ್ಯಾಸಕರು, ಮಾರ್ಚಿಗೆ ಅವರ ಅವಧಿ ಮುಗಿಯುತ್ತದೆ.

ಆದ್ದರಿಂದ ತಮ್ಮಲ್ಲಿ ಇನ್ನೊಂದು ಕಟ್ಟೇನಾದರೂ ಉಳಿದಿದ್ದರೆ ದಯವಿಟ್ಟು ಸದ್ಯಕ್ಕೆ ಅಲ್ಲೇ ಇರಲಿ. ಗ್ರಂಥ ಲಿಪಿ ಓದಬಲ್ಲವರ ಹುದ್ದೆ ಭರ್ತಿಯಾದ ಮೇಲೆ ತಿಳಿಸುತ್ತೇನೆ.

ಇತಿ ತಮ್ಮ ವಿಧೇಯ,
ಒಬ್ಬ ಓದುಗ