ಬೋರ್ಡು ಮತ್ತು ಬೀಗ

“ನನ್ನನ್ನು ತೂಗುಹಾಕಿದೊಡನೆ ವಿಶ್ವವಿದ್ಯಾಲಯ ಹುಟ್ಟಿತಲ್ಲವೇ?” ಎಂದಿತು ಬೋರ್ಡು. “ಹುಟ್ಟಿತು, ಹಾಲಿಗೆ ಮಾತ್ರ ಇನ್ನೂ ಟೆಂಡರ್ ಕರೆದಿಲ್ಲ,” ಎಂದಿತು ಬೀಗ. 2022ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಚಾಮರಾಜನಗರಗಳಿಗೆಲ್ಲ ವಿಶ್ವವಿದ್ಯಾಲಯ ಕೊಟ್ಟಿತು ಕರ್ನಾಟಕ ಸರ್ಕಾರ. 2025ರಲ್ಲಿ ಹೊಸ ಹತ್ತರಲ್ಲಿ ಒಂಬತ್ತನ್ನು ಮುಚ್ಚಬಹುದೆಂದಿತು ಸಂಪುಟ ಉಪಸಮಿತಿ. ಕಾರಣ, ದುಡ್ಡಿಲ್ಲ. (ಹುಟ್ಟಿಸುವಾಗ ಇತ್ತೇ?)

“ಹಳ್ಳಿ ಹುಡುಗಿಯರಿಗೆ ಹತ್ತಿರವಾಯಿತಲ್ಲ?” ಬೋರ್ಡಿನ ಈ ಆಕ್ಷೇಪ ಹಗುರವಲ್ಲ, ಬಸ್ಸಿನ ದೂರವೇ ಎಷ್ಟೋ ಓದನ್ನು ನಿಲ್ಲಿಸುತ್ತದೆ. ಆದರೆ ಹತ್ತಿರ ಬಂದದ್ದು ಪಾಠವೋ, ಅಂಕಪಟ್ಟಿಯ ಮೊಹರೋ? ಹಳೆಯ ಸ್ನಾತಕೋತ್ತರ ಕೇಂದ್ರದಲ್ಲೇ ಕುಲಪತಿ, ಕುಲಸಚಿವರನ್ನು ಕೂರಿಸಿ, ಪಾಠವನ್ನು ಅತಿಥಿ ಉಪನ್ಯಾಸಕರಿಗೆ ಬಿಟ್ಟರೆ ಬೆಳೆಯುವುದು ಲೆಟರ್‌ಹೆಡ್ ಮಾತ್ರ. “ಇದನ್ನು ಸಿಂಡಿಕೇಟ್ ಕೇಳಬೇಕಿತ್ತು,” ಎಂದಿತು ಬೋರ್ಡು. “2000ದ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸಿಂಡಿಕೇಟೂ ಇದೆ, ಹಣಕಾಸು ಸಮಿತಿಯೂ ಇದೆ. ಇಬ್ಬರನ್ನೂ ಕರೆಯುವುದು ಮಗು ಹುಟ್ಟಿದ ಮೇಲೆ, ನಾಮಕರಣದ ಊಟಕ್ಕೆ. ತೊಟ್ಟಿಲು ಮಾರುವಾಗ ಅದೂ ಇಲ್ಲ.”