ನೋ ಕ್ಯಾರಿಯರ್

ಫೋನ್ ಲೈನಿನ ಮೂಲಕ ಗಣಕದಿಂದ ಹೊಗಬೇಕಾದ ಬುಲೆಟಿನ್ ಬೋರ್ಡಿಗೆ ಸಂಪರ್ಕ ದೊರೆಯದೆ ಹೋದಲ್ಲಿ ಏನು ಮಾಡತಕ್ಕದ್ದು ಎಂಬ ಸವಿಸ್ತಾರವಾದ ಸೂಚನೆಗಳನ್ನು, ನಾನು ಕಂಡ ಬುಲೆಟಿನ್ ಬೋರ್ಡುಗಳೆಲ್ಲವೂ ಬುಲೆಟಿನ್ ಬೋರ್ಡಿನ ಒಳಗಡೆಯೇ ಪ್ರಕಟಿಸಿಕೊಂಡಿದ್ದವು. ಒಳಗೆ ಬಂದವನಿಗೆ ಅದು ಬೇಡ. ಬೇಕಾದವನು ಒಳಗೆ ಬರಲಾರ. ಇದರಲ್ಲಿರುವ ವಿರೋಧಾಭಾಸವು ಆ ಬೋರ್ಡುಗಳನ್ನು ನಡೆಸುತ್ತಿದ್ದ ಮಹನೀಯರಿಗೆ ಹೊಳೆಯದ್ದೇನೂ ಅಲ್ಲ. ತರ್ಕವೇ ಅವರ ಜೀವನೋಪಾಯವಾಗಿತ್ತು. ಆದರೂ ಅವರು ಆ ಸೂಚನೆಗಳನ್ನು ವರ್ಷವರ್ಷವೂ ಪರಿಷ್ಕರಿಸಿ, ಅನುಬಂಧಗಳನ್ನು ಜೋಡಿಸಿ, ಅಪವಾದಗಳಿಗೆ ಪುನಃ ಅಪವಾದಗಳನ್ನು ಕಲ್ಪಿಸಿ ಬೆಳೆಸುತ್ತಲೇ ಹೋದರು. ಅದಕ್ಕೆ ಓದುಗರೂ ಇದ್ದರು. ಸುಖವಾಗಿ ಒಳಗೆ ಬಂದು ಕುಳಿತವರೇ ಅದನ್ನು ಆಸ್ಥೆಯಿಂದ ಓದಿ, ತಮಗೆ ಒದಗಿಯೇ ಇರದ ತೊಂದರೆಗಳ ಪರಿಹಾರವನ್ನು ಕುರಿತು ಪರಸ್ಪರ ವಾಗ್ವಾದ ಹೂಡುತ್ತಿದ್ದರು. ರಾಜಕೀಯಕ್ಕೊಂದು, ಅಡಿಗೆಗೊಂದು, ಹಳೆಯ ಕಾರುಗಳ ಮಾರಾಟಕ್ಕೊಂದು ವಿಭಾಗವೇನೋ ಇರುತ್ತಿತ್ತು. ಆದರೆ ಯಾವ ವಿಭಾಗದಲ್ಲಿ ಹುಟ್ಟಿದ ಮಾತಾದರೂ ನಾಲ್ಕನೆಯ ಪತ್ರದ ಹೊತ್ತಿಗೆ ಮೋಡೆಮ್ಮಿಗೆ ಬಂದು ಸೇರುತ್ತಿತ್ತು.

ಈ ಸಂಸ್ಥೆಯ ಜನನವೇ ಒಂದು ಸಂಪರ್ಕಭಂಗದಿಂದ ಆದುದು. 1978ರ ಜನವರಿಯಲ್ಲಿ ಶಿಕಾಗೋ ನಗರದ ಮೇಲೆ ಹಿಮ ಸುರಿದು ರಸ್ತೆಗಳೆಲ್ಲ ಮುಚ್ಚಿಹೋದಾಗ, ವಾರ್ಡ್ ಕ್ರಿಸ್ಟೆನ್ಸೆನ್ ಎಂಬುವರು ಕೆಲಸಕ್ಕೆ ಹೋಗಲಾರದೆ ಮನೆಯಲ್ಲಿ ಕುಳಿತು, ಗೆಳೆಯ ರ‍್ಯಾಂಡಿ ಸೂಸ್ ಅವರೊಡನೆ ಫೋನಿನಲ್ಲಿ ಆಲೋಚಿಸಿ, ತಮ್ಮ ಗಣಕಾಭಿಮಾನಿಗಳ ಸಂಘದ ಸೂಚನಾಫಲಕವನ್ನು ಗಣಕಯಂತ್ರದೊಳಕ್ಕೇ ಏರಿಸಿಬಿಡುವುದೆಂದು ನಿಶ್ಚಯಿಸಿದರು. ಒಬ್ಬರು ತಂತ್ರಾಂಶ ಬರೆದರು, ಇನ್ನೊಬ್ಬರು ಯಂತ್ರ ಕಟ್ಟಿದರು. ಫೆಬ್ರುವರಿ 16ರಂದು ಅದು ಲೋಕಕ್ಕೆ ತೆರೆಯಿತು. ಲೋಕಕ್ಕೆ ಎಂದರೆ, ಒಂದು ಸಲಕ್ಕೆ ಒಬ್ಬನಿಗೆ. ಇದ್ದುದು ಒಂದೇ ಫೋನ್ ಲೈನು. ಸೆಕೆಂಡಿಗೆ 300 ಬಿಟ್ಟು, ಅಂದರೆ ಸುಮಾರು 30 ಅಕ್ಷರಗಳ ವೇಗದಲ್ಲಿ ಮಾತು ಹರಿಯುತ್ತಿತ್ತು. ಓದುವವನ ಕಣ್ಣಿಗೆ ಆಯಾಸವಿಲ್ಲದ ಆ ಗತಿಯನ್ನು ಮುಂದೆ ಬಂದ ಯಾವ ಸುಧಾರಣೆಯೂ ನನಗೆ ಮರಳಿ ಕೊಟ್ಟಿಲ್ಲವೆಂಬುದು ನನ್ನ ಅಭಿಪ್ರಾಯ. ಉದ್ಯೋಗನಿಮಿತ್ತವಾಗಿ ನಾನು ಅದೇ ನಗರದ ಪಶ್ಚಿಮದ ಉಪನಗರವೊಂದರಲ್ಲಿ ಹೋಗಿ ನೆಲಸುವ ವೇಳೆಗೆ ವೇಗ 2400ಕ್ಕೆ ಏರಿ, ಬಡಾವಣೆಗೊಂದರಂತೆ ಬೋರ್ಡುಗಳು ಹುಟ್ಟಿಕೊಂಡಿದ್ದವು. ನಾವು ಸೇರಿದ ಬೋರ್ಡು ಒಬ್ಬ ಗೃಹಸ್ಥರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿತ್ತು.

ಬೋರ್ಡಿನ ದ್ವಾರಕ್ಕೆ ಪಾಲಕನಾಗಿ ನಿಂತಿದ್ದವನು, ಗಣಕವನ್ನು ಫೋನ್ ಲೈನಿಗೆ ಬೆಸೆಯುವ ಮೋಡೆಮ್. 1981ರಲ್ಲಿ ಡೆನಿಸ್ ಹೇಯ್ಸ್ ಅವರ ಸಂಸ್ಥೆ ಹೊರತಂದ ಸ್ಮಾರ್ಟ್‌ಮೋಡೆಮ್ಮಿನ ಸಂಪ್ರದಾಯವನ್ನೇ ಮಿಕ್ಕವರೆಲ್ಲ ಅನುಸರಿಸಿದ್ದರಿಂದ, ಎಲ್ಲ ಮೋಡೆಮ್ಮುಗಳ ನುಡಿಯೂ ಒಂದೇ ಆಗಿತ್ತು, ಮಿತಭಾಷಿತ್ವವೂ ಒಂದೇ ಆಗಿತ್ತು. ‘ಓಕೆ’, ‘ರಿಂಗ್’, ‘ಕನೆಕ್ಟ್’, ‘ಎರರ್’, ‘ನೋ ಕ್ಯಾರಿಯರ್’: ಇಂತಹ ಬೆರಳೆಣಿಕೆಯ ಮಾತುಗಳಲ್ಲಿ ಅದರ ಸಂಸಾರವೆಲ್ಲ ನಡೆಯುತ್ತಿತ್ತು. ಎರಡು ಮೋಡೆಮ್ಮುಗಳ ನಡುವೆ ಅವಿಚ್ಛಿನ್ನವಾಗಿ ಮೊಳಗುತ್ತಿರುವ, ಅಕ್ಷರಗಳು ಯಾವುದರ ಮೇಲೇರಿ ಸಂಚರಿಸುತ್ತವೆಯೋ ಆ ನಾದಕ್ಕೆ ಕ್ಯಾರಿಯರ್ ಎಂದು ಹೆಸರು. ಅದು ನಿಂತಿತೆಂದರೆ ‘ನೋ ಕ್ಯಾರಿಯರ್’ ಎಂದು ಪರದೆಯ ಮೇಲೆ ಬರೆದು ಮೋಡೆಮ್ ಮೌನ ತಾಳುತ್ತಿತ್ತು. ಏಕೆ ನಿಂತಿತು, ಯಾರಿಂದ ನಿಂತಿತು, ಪುನಃ ಬರುವುದುಂಟೆ ಎಂಬ ಪ್ರಶ್ನೆಗಳು ಅದಕ್ಕೆ ಸಂಬಂಧಪಟ್ಟವಲ್ಲ.

ನಮ್ಮ ಮನೆಯ ಮಟ್ಟಿಗೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ತೀರ್ಥಹಳ್ಳಿಯಲ್ಲಿ ಬೆಳಗಿನ ಕಾಫಿ ಮುಗಿಯುವ ಹೊತ್ತು ಇಲಿನಾಯ್ಸಿನಲ್ಲಿ ರಾತ್ರಿಯ ಊಟ ಮುಗಿದು ನಾನು ಬೋರ್ಡಿಗೆ ಹೊಕ್ಕಿರುವ ಹೊತ್ತು. ನನ್ನ ಅತ್ತೆಯವರು ಮಗಳಿಗೆ ಫೋನ್ ಮಾಡಲು ಆರಿಸಿಕೊಂಡಿದ್ದುದೂ ಅದೇ ಶುಭಮುಹೂರ್ತ. ನಮ್ಮ ಫೋನಿಗೆ ಕಾಲ್ ವೇಟಿಂಗ್ ಎಂಬ ಸೌಕರ್ಯ ಮಾಡಿಸಿಟ್ಟಿದ್ದೆವು. ಒಂದು ಕರೆ ನಡೆಯುತ್ತಿರುವಾಗ ಇನ್ನೊಂದು ಬಂದರೆ ಎಕ್ಸ್‌ಚೇಂಜಿನವರು ಮೊದಲನೆಯದನ್ನು ಕ್ಷಣಕಾಲ ತಡೆದು ‘ಟಕ್’ ಎಂದು ಸೂಚನೆ ಕೊಡುತ್ತಾರೆ. ಮನುಷ್ಯರಿಗೆ ಅದು ಸೂಚನೆ. ಮೋಡೆಮ್ಮಿಗೆ ಅದು ಮರಣವಾರ್ತೆ. ನಾದ ನಿಂತಿತೆಂದು ತಿಳಿದು ಅದು ತಾನೂ ಲೈನನ್ನು ಬಿಟ್ಟುಕೊಡುತ್ತಿತ್ತು, ಬಿಟ್ಟ ಮರುಕ್ಷಣವೇ ಫೋನು ಬಾರಿಸುತ್ತಿತ್ತು, ಎತ್ತಿದರೆ ಅತ್ತೆಯವರು “ಏನಪ್ಪ, ಎಲ್ಲ ಆರಾಮವೇ?” ಎನ್ನುತ್ತಿದ್ದರು.

ಇದಕ್ಕೆ ಪರಿಹಾರ ಎರಡು. ಡಯಲ್ ಮಾಡುವ ಮುನ್ನ ನಕ್ಷತ್ರದ ಗುರುತನ್ನೂ 70 ಎಂಬ ಸಂಖ್ಯೆಯನ್ನೂ ಒತ್ತಿದರೆ ಆ ಒಂದು ಕರೆಯ ಅವಧಿಗೆ ಕಾಲ್ ವೇಟಿಂಗ್ ರದ್ದಾಗುತ್ತದೆ; ಆದರೆ ತೀರ್ಥಹಳ್ಳಿಗೆ ಗಂಟೆಗಟ್ಟಲೆ ಎಂಗೇಜ್ ಶಬ್ದವನ್ನು ಕೇಳಿಸುವ ಧೈರ್ಯ ಯಾವ ಅಳಿಯನಿಗಿದೆ? ಎರಡನೆಯದು ಸೌಮ್ಯೋಪಾಯ. ಮೋಡೆಮ್ಮಿನಲ್ಲಿ ಎಸ್10 ಎಂಬ ರಿಜಿಸ್ಟರು ಇದೆ. ನಾದ ನಿಂತ ಮೇಲೆ ಎಷ್ಟು ಹೊತ್ತು ಸಹಿಸಿಕೊಂಡು ಕಾಯಬೇಕು ಎಂಬುದನ್ನು ಅದರಲ್ಲಿ ಸೆಕೆಂಡಿನ ಹತ್ತನೆಯ ಒಂದಂಶದ ಲೆಕ್ಕದಲ್ಲಿ ಬರೆದಿಡಬಹುದು. ಆ ಸಂಖ್ಯೆಯನ್ನು ಹೆಚ್ಚಿಸಿ, ಯಂತ್ರಕ್ಕೆ ತಾಳ್ಮೆ ಕಲಿಸುವ ಈ ಕ್ರಮವನ್ನು ನಾನು ಮನೆಯಾಕೆಗೆ ಸಂಭ್ರಮದಿಂದ ವಿವರಿಸಿದೆ. ಆಕೆ ಪೂರ್ತಿ ಕೇಳಿ, “ಅಲ್ಲಾ ರೀ, ಅಂಥದ್ದೊಂದು ನಿಮಗೂ ಎಲ್ಲಾದ್ರೂ ಇದ್ರೆ ತೋರ್ಸಿ, ನಾನೇ ಬರೀತೀನಿ” ಎಂದಳು.

ಸಂಪರ್ಕ ದೊರೆತ ಮಾತ್ರಕ್ಕೆ ಕಷ್ಟ ಮುಗಿಯಿತೆಂದು ಭಾವಿಸಬಾರದು. ಅಲ್ಲಿಂದ ಟರ್ಮಿನಲ್ಲಿನ ವ್ಯಾಧಿಗಳ ಅಧ್ಯಾಯ ಪ್ರಾರಂಭವಾಗುತ್ತದೆ. ಪರದೆಯ ಮೇಲೆ ಬಿದ್ದ ಕಸವನ್ನು ನೋಡಿ ರೋಗವನ್ನು ಹೇಳುವ ವಿದ್ಯೆಯೊಂದು ಆ ಸಮಾಜದಲ್ಲಿ ಪರಿಣತಿಗೆ ಬಂದಿತ್ತು. ನಮ್ಮ ಮಲೆನಾಡಿನ ಪಂಡಿತರು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ರೋಗಿ ಬಾಯಿ ತೆರೆಯುವ ಮೊದಲೇ ಅವನು ಹಿಂದಿನ ರಾತ್ರಿ ಹಲಸಿನಹಣ್ಣು ತಿಂದ ಸಂಗತಿಯನ್ನು ಹೇಳಿಬಿಡುತ್ತಿದ್ದಂತೆ, ಈ ಜನ ವಿಕಾರಗೊಂಡ ನಾಲ್ಕು ಅಕ್ಷರಗಳನ್ನು ಕಂಡು ನಿದಾನ ಮಾಡುತ್ತಿದ್ದರು. ಸಾಲುಗಳು ಎಡಕ್ಕೆ ಮರಳದೆ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತ ಹೋದರೆ ಒಂದು, ಬಣ್ಣಬಣ್ಣದ ಚಿತ್ರ ಮೂಡಬೇಕಾದಲ್ಲಿ ಆವರಣಚಿಹ್ನೆಯೂ 31 ಎಂಬ ಅಂಕಿಯೂ ಎಂ ಅಕ್ಷರವೂ ಸಾಲುಗಟ್ಟಿ ಬಂದರೆ ಇನ್ನೊಂದು. ಇವೆಲ್ಲ ಸಾಧಾರಣ ನೆಗಡಿ-ಕೆಮ್ಮಿನ ಅಂತಸ್ತಿನವು. ವಿದ್ವಾಂಸರು ಅವುಗಳಿಗೆ ಒಂದು ಸಾಲಿಗಿಂತ ಹೆಚ್ಚು ಉತ್ತರ ಬರೆಯುತ್ತಿರಲಿಲ್ಲ.

ಅವರಿಗೆ ನಿಜವಾದ ಉಲ್ಲಾಸ ತರುತ್ತಿದ್ದುದು ಪ್ಯಾರಿಟಿ. ಗಣಕಕ್ಕೆ ರೋಮನ್ ಲಿಪಿಯ ಒಂದೊಂದು ಅಕ್ಷರವೂ ಸೊನ್ನೆ-ಒಂದುಗಳ ಏಳು ಮನೆಯ ಸಾಲು. ಕೆಲವು ದೊಡ್ಡ ವ್ಯವಸ್ಥೆಗಳು ಇದಕ್ಕೆ ಕಾವಲಾಗಿ ಎಂಟನೆಯದೊಂದನ್ನು ಸೇರಿಸಿ, ಒಟ್ಟಿನಲ್ಲಿ ಒಂದುಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ನೋಡಿಕೊಳ್ಳುತ್ತಿದ್ದವು. ಬುಲೆಟಿನ್ ಬೋರ್ಡುಗಳಾದರೋ ಎಂಟನ್ನೂ ಅಕ್ಷರಕ್ಕೇ ಬಿಟ್ಟುಕೊಟ್ಟಿದ್ದವು. ಆ ದೊಡ್ಡ ವ್ಯವಸ್ಥೆಗಳ ರೂಢಿಯಲ್ಲಿದ್ದವನೊಬ್ಬ ಅದೇ ಏರ್ಪಾಟಿನೊಡನೆ ಇಲ್ಲಿಗೆ ಬಂದು ಪತ್ರ ಬರೆದನೆಂದರೆ, ಸಹಜವಾಗಿಯೇ ಸಮಸಂಖ್ಯೆಯುಳ್ಳ ಅಕ್ಷರಗಳು ಕ್ಷೇಮವಾಗಿ ಬಂದಿಳಿಯುತ್ತಿದ್ದವು; ಬೆಸಸಂಖ್ಯೆಯವು ಎಂಟನೆಯ ಮನೆಯಲ್ಲಿ ಒಂದನ್ನು ಹೊತ್ತು ಬಂದು, ದೊಡ್ಡಕ್ಷರಗಳಾದಲ್ಲಿ ಐಬಿಎಂ ಪಿಸಿಯಲ್ಲಿ ಚೌಕಟ್ಟು ಗೀರಲೆಂದು ಇಟ್ಟಿದ್ದ ರೇಖಾಖಂಡಗಳಾಗಿ ಮಾರ್ಪಡುತ್ತಿದ್ದವು. ‘ನನ್ನ ಟರ್ಮಿನಲ್ಲಿಗೆ ಏನೋ ಆಗಿದೆ’ ಎಂಬ ಅವನ ದೂರು ಬರುತ್ತಿದ್ದುದೂ ಇದೇ ಅವಸ್ಥೆಯಲ್ಲಾದ್ದರಿಂದ ಬೇರೆ ಸಾಕ್ಷ್ಯವನ್ನು ಕೇಳುವ ಪ್ರಮೇಯವಿರಲಿಲ್ಲ. ಕುತೂಹಲಕ್ಕಾಗಿ ನಾನು ನಮ್ಮ ರತ್ನತ್ರಯರನ್ನು ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಈ ಪರೀಕ್ಷೆಗೆ ಒಡ್ಡಿನೋಡಿದ್ದುಂಟು. ಪಂಪನ ಐದು ಅಕ್ಷರಗಳೂ ಸಮಸಂಖ್ಯೆಯವು. ಆತ ಅಕ್ಷತನಾಗಿ ಹೊರಬರುತ್ತಾನೆ. ಪೊನ್ನನಿಗೆ ನಡುವೆ ‘ಒ’ಕಾರದಲ್ಲಿ ಒಂದು ಭಂಗ. ರನ್ನನಿಗೆ ಮೊದಲಕ್ಷರವೇ ಹೋಗಿ, ಒಂದು ಚೌಕಟ್ಟಿನ ಚೂರಿನ ಪಕ್ಕದಲ್ಲಿ ಬರಿಯ ‘ಅನ್ನ’ ಉಳಿಯುತ್ತದೆ. ಆದಿಕವಿಯ ಶ್ರೇಷ್ಠತೆಗೆ ವಿಮರ್ಶಕರು ಕೊಟ್ಟಿರುವ ಕಾರಣಗಳ ಪೈಕಿ ಇದು ಸೇರಿಲ್ಲ.

ಅರೋರಾದ ವೆಂಕಟೇಶ್ವರ ದೇವಾಲಯದಲ್ಲಿ ಒಂದು ಭಾನುವಾರ, ಪುಳಿಯೋಗರೆಯ ಸಾಲಿನಲ್ಲಿ ನಿಂತಿದ್ದಾಗ, ಹಾಸನದ ಕಡೆಯ ತರುಣನೊಬ್ಬ ನನ್ನ ಹಿಂದೆ ನಿಂತು, ದೊನ್ನೆಯನ್ನು ಎಡಗೈಗೆ ಬದಲಾಯಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದ: “ಸಾರ್, ನೀವು ಬೋರ್ಡಿಗೆಲ್ಲ ಹೋಗ್ತೀರಂತಲ್ಲ. ನಾನೇನ್ ಟೈಪ್ ಮಾಡಿದ್ರೂ ಎರಡೆರಡು ಅಕ್ಷರ ಬೀಳುತ್ತೆ ಸಾರ್. ಕೀಬೋರ್ಡ್ ಬದಲಾಯ್ಸಿದೆ, ಆದ್ರೂ ಹಂಗೇ.”

“ಪಾಸ್‌ವರ್ಡ್ ಹೊಡೆಯುವಾಗ?”

“ಅದು ಒಂದೊಂದೇ ಬೀಳುತ್ತೆ ಸಾರ್. ಆದ್ರೆ ಎಲ್ಲರಿಗೂ ಕಾಣೋ ಹಂಗೆ ಬೀಳುತ್ತೆ.”

ನಿದಾನಕ್ಕೆ ಇನ್ನೇನು ಬೇಕು? ಒತ್ತಿದ ಅಕ್ಷರವನ್ನು ಇವನ ಟರ್ಮಿನಲ್ ತಾನೂ ಬರೆದುಕೊಳ್ಳುತ್ತಿದೆ, ಬೋರ್ಡು ಕೂಡ ಸಂಪ್ರದಾಯದಂತೆ ಅದನ್ನೇ ಹಿಂದಿರುಗಿಸುತ್ತಿದೆ. ಗುಪ್ತಪದದ ಸಮಯದಲ್ಲಿ ಮಾತ್ರ ಬೋರ್ಡು ಮರ್ಯಾದೆಯಿಂದ ಮೌನವಾಗಿದ್ದರೆ ಇವನ ಟರ್ಮಿನಲ್ ಅದನ್ನೂ ಡಂಗುರ ಸಾರುತ್ತಿದೆ. ಲೋಕಲ್ ಎಕೋ ಎಂಬುದನ್ನು ಆರಿಸಿಬಿಡಪ್ಪ ಎಂದೆ. ನಮ್ಮ ಮುಂದಿದ್ದ ವೃದ್ಧರೊಬ್ಬರು ಇಷ್ಟನ್ನೂ ಕೇಳಿಸಿಕೊಂಡು, “ರಾಮನಾಮ ಬರೆಯುವುದಿದ್ದರೆ ಹಾಗೆಯೇ ಇರಲಿ, ಅರ್ಧ ಶ್ರಮಕ್ಕೆ ಪೂರ್ತಿ ಪುಣ್ಯ” ಎಂದರು. ತರುಣ ನಗಲಿಲ್ಲ, ಕೀಬೋರ್ಡಿಗೆ ಆಗಲೇ ದುಡ್ಡು ತೆತ್ತಿದ್ದನಷ್ಟೆ.

ನಾನು ನಿವೃತ್ತನಾಗಿ ಮೈಸೂರಿಗೆ ಮರಳಿ ಬಂದ ಮೇಲೆ ಮೋಡೆಮ್ಮೂ ಇಲ್ಲ, ಅದರ ಕೂಗೂ ಇಲ್ಲ. ಆದರೆ ಬೋರ್ಡುಗಳು ಅಂತರ್ಜಾಲದ ಮೇಲೇರಿ ಇನ್ನೂ ಜೀವಿಸಿವೆ; 1987ರಲ್ಲಿ ಒಂದು ಆಪಲ್ ಯಂತ್ರದ ಮೇಲೆ ಬುಲೆಟಿನ್ ಬೋರ್ಡಾಗಿ ಆರಂಭವಾಗಿ ಮುಂದೆ ಸಾರ್ವಜನಿಕ ಯೂನಿಕ್ಸ್ ವ್ಯವಸ್ಥೆಯಾಗಿ ಬೆಳೆದ ಎಸ್‌ಡಿಎಫ್‌ನಂತಹವು ಇಂದಿಗೂ ಆಬಾಲವೃದ್ಧರನ್ನು ಬರಮಾಡಿಕೊಳ್ಳುತ್ತಿವೆ. ರೋಗಗಳೂ ಕಾಲಕ್ಕೆ ತಕ್ಕಂತೆ ವೇಷ ಬದಲಾಯಿಸಿಕೊಂಡಿವೆ. ಬರೆದುದನ್ನು ಉಳಿಸುವ ಅಭ್ಯಾಸಬಲದಿಂದ ನನ್ನ ಸೋದರಳಿಯ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತುತ್ತಾನೆ, ಪರದೆ ಕಲ್ಲಾಗುತ್ತದೆ. ಟೆಲಿಪ್ರಿಂಟರುಗಳ ಕಾಲದಿಂದ ಆ ಸಂಕೇತಕ್ಕೆ ‘ನಿಲ್ಲು’ ಎಂದೇ ಅರ್ಥ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಶಾಪವಿಮೋಚನೆ. ಇದನ್ನು ಹೇಳಿಕೊಟ್ಟ ದಿನದಿಂದ ಅವನಿಗೆ ನನ್ನ ಮೇಲೆ ಗೌರವ ಹೆಚ್ಚಿದೆ ಎಂದುಕೊಂಡಿದ್ದೆ, “ಮಾವ, ಇದನ್ನ ಇಷ್ಟು ವರ್ಷ ಯಾರೂ ಯಾಕೆ ತೆಗೆದುಹಾಕಿಲ್ಲ?” ಎಂದು ಕೇಳಿದ.

ಕನ್ನಡ ಬರೆಯಹೊರಟರೆ ಮಾತ್ರ ಹಳೆಯ ವೈಭವವೆಲ್ಲ ಮರುಕಳಿಸುತ್ತದೆ. ಯುಟಿಎಫ್-8ರ ಪದ್ಧತಿಯಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ ಮೂರು ಬೈಟು. ಐಬಿಎಂ ಪಿಸಿಯ ಕೋಡ್ ಪೇಜ್ 437ನ್ನೇ ಶ್ರುತಿಪ್ರಮಾಣವೆಂದು ನಂಬಿರುವ ಟರ್ಮಿನಲ್ ಅವುಗಳಲ್ಲಿ ಮೊದಲನೆಯದನ್ನು ಗ್ರೀಕರ ಆಲ್ಫಾ ಎಂದೂ, ಎರಡನೆಯದನ್ನು ಬೂದುಬಣ್ಣದ ಇಟ್ಟಿಗೆಯೆಂದೋ ನೆಟ್ಟನೆಯ ಗೀಟೆಂದೋ, ಮೂರನೆಯದನ್ನು ಅಕ್ಷರಕ್ಕೆ ತಕ್ಕಂತೆ ಬೇರೊಂದು ಚಿಹ್ನೆಯೆಂದೂ ಓದುತ್ತದೆ. ‘ಕನ್ನಡ’ ಎಂದು ಬರೆದರೆ ಐದು ಆಲ್ಫಾಗಳುಳ್ಳ ಹದಿನೈದು ಚಿಹ್ನೆಗಳ ಗೋಡೆಯೊಂದು ಏಳುತ್ತದೆ. ಕ್ಯಾಲಿಫೋರ್ನಿಯಾದ ಮಿತ್ರರೊಬ್ಬರಿಗೆ ಯುಗಾದಿಯ ಶುಭಾಶಯ ಕಳುಹಿಸಿದಾಗ ಅವರು, “ಗೋಡೆ ಚೆನ್ನಾಗಿದೆ, ನಡುನಡುವೆ ತಲೆಕೆಳಗಾದ ಪ್ರಶ್ನಾರ್ಥಕಗಳೇಕೆ?” ಎಂದು ವಿಚಾರಿಸಿದರು. ಪರಿಶೀಲಿಸಲಾಗಿ, ‘ನ’ಕಾರದ ಮೂರನೆಯ ಬೈಟಿಗೆ ಆ ಪುಟದಲ್ಲಿರುವುದು ಸ್ಪ್ಯಾನಿಷರು ವಾಕ್ಯದ ಮೊದಲಲ್ಲಿ ಹಾಕುವ ತಲೆಕೆಳಗಿನ ಪ್ರಶ್ನಚಿಹ್ನೆ. ಆದುದರಿಂದ ‘ನಾನು’ ಎಂದು ಬರೆದರೆ ಎರಡು ಪ್ರಶ್ನೆಗಳು ಏಳುತ್ತವೆ. ‘ನೀನು’ ಎಂದು ಬರೆದರೂ ಎರಡೇ. ಅದ್ವೈತಿಗಳು ಬೇರೆ ಪ್ರಮಾಣವನ್ನು ಏಕೆ ಅರಸಬೇಕೋ ತಿಳಿಯದು. ಯುಟಿಎಫ್-8 ಬಲ್ಲ ಟರ್ಮಿನಲ್ಲಿಗೆ ಬದಲಾಯಿಸಿಕೊಂಡರೆ ಅಕ್ಷರಗಳೇನೋ ಕನ್ನಡವಾಗುತ್ತವೆ. ಆದರೆ 80 ಅಂಕಣ, 24 ಸಾಲುಗಳ ಆ ವಠಾರದಲ್ಲಿ ಎಲ್ಲರಿಗೂ ಸಮಾನ ಅಗಲದ ಕೋಣೆಯಾದ್ದರಿಂದ, ಒತ್ತಕ್ಷರ ತನ್ನ ಅಕ್ಷರದ ಕೆಳಗಿಳಿಯದೆ ಪಕ್ಕದ ಕೋಣೆಯಲ್ಲಿ ಬಿಡಾರ ಹೂಡಿ, ‘ಸ್ವಾತಂತ್ರ್ಯ’ ತುಂಡುತುಂಡಾಗುತ್ತದೆ.

ಸದ್ಯಕ್ಕೆ ನಮ್ಮ ಬೋರ್ಡಿನಲ್ಲಿ ನಡೆದಿರುವ ಸಂಗ್ರಾಮ ಅಳಿಸುವ ಕೀಲಿಯನ್ನು ಕುರಿತದ್ದು. ಬ್ಯಾಕ್‌ಸ್ಪೇಸ್ ಒತ್ತಿದಾಗ ಟರ್ಮಿನಲ್ 8ನೆಯ ಸಂಕೇತವನ್ನು ಕಳುಹಿಸಬೇಕೋ 127ನೆಯದನ್ನೋ? ಎರಡನೆಯ ಪಕ್ಷಕ್ಕೆ ಇತಿಹಾಸದ ಬೆಂಬಲವಿದೆ: ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಬರೆಯುತ್ತಿದ್ದ ದಿನಗಳಲ್ಲಿ, ತಪ್ಪಿದ ಅಕ್ಷರದ ಮೇಲೆ ಏಳು ರಂಧ್ರಗಳನ್ನೂ ಕೊರೆದುಬಿಟ್ಟರೆ ಅದು ಯಾವ ಅಕ್ಷರವಾಗಿತ್ತೆಂಬುದೇ ಗೊತ್ತಾಗುತ್ತಿರಲಿಲ್ಲ, ಏಳು ಒಂದುಗಳ ಆ ಸಾಲೇ 127. ಮೊದಲನೆಯ ಪಕ್ಷದವರು ಇದನ್ನು ಒಪ್ಪದೆ, ಹೆಸರೇ ಹೇಳುವಂತೆ ಹಿಂದಕ್ಕೆ ಸರಿಯುವುದು ಬೇರೆ, ಅಳಿಸುವುದು ಬೇರೆ ಎಂದು ಮೀಮಾಂಸೆ ನಡೆಸಿದ್ದಾರೆ. ಉಭಯಪಕ್ಷದ ಮುಖಂಡರೂ ಎಪ್ಪತ್ತು ದಾಟಿದವರು. ಉಭಯರ ಪತ್ರಗಳಲ್ಲೂ ಅಳಿಸಲು ಹೋಗಿ ಅಳಿಯದ ಅಕ್ಷರಗಳು, ಟೋಪಿಯ ಗುರುತಿನೊಡನೆ, ಹೇರಳವಾಗಿ ಉಳಿದುಕೊಂಡಿವೆ. ವಾದ ಪರಾಕಾಷ್ಠೆಗೆ ಏರಿದ್ದಾಗ ಹೊಸಬನೊಬ್ಬ ನಡುವೆ ಪ್ರವೇಶಿಸಿ, ಈ ಬೋರ್ಡಿನಿಂದ ಹೊರಗೆ ಹೋಗಲು ಯಾವ ಕೀಲಿಯನ್ನು ಒತ್ತಬೇಕೆಂದು ವಿನಯಪೂರ್ವಕವಾಗಿ ಕೇಳಿದ. ಇಬ್ಬರೂ ಕೂಡಲೇ ದೀರ್ಘವಾದ ಉತ್ತರಗಳನ್ನು ಬರೆದರು. ಒಂದಕ್ಕೊಂದು ತಾಳೆಯಾಗಲಿಲ್ಲ. ಆತ ಇನ್ನೂ ಒಳಗೇ ಇದ್ದಾನೆ.